ಎಲೆ ಮೇಲೆ ಬೂದಿ, ಎಲೆ ಕೆಳಗೆ ಹೇನು: ಕೈತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ತಾರಸಿಯೊಂದರಲ್ಲಿ ನಲವತ್ತು ಚಿಲ್ಲರೆ ಕುಂಡ ಇಟ್ಟುಕೊಂಡು ವರ್ಷಗಳೇ ಆದವು. ಪಕ್ಕದ ಮನೆಯವರು, ನೆಂಟರು, ನೆಂಟರ ನೆಂಟರು ಫೋಟೊ ಕಳಿಸಿ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಮುಕ್ಕಾಲುಪಾಲು ಒಂದೇ ಪ್ರಶ್ನೆ: "ಇದಕ್ಕೆ ಯಾವ ಔಷಧಿ ಹೊಡೀಬೇಕು?" ನಾನು ತಿರುಗಿ ಕೇಳುವುದೂ ಒಂದೇ: "ಎಲೆ ಮಗುಚಿ ನೋಡಿದ್ರಾ?" ಬಹಳ ಜನ ನೋಡಿರುವುದಿಲ್ಲ. ಹಾಗೆ ಬಂದ ಪ್ರಶ್ನೆಗಳನ್ನೂ ಕೊಟ್ಟ ಉತ್ತರಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಎಲೆ ಮೇಲೆ ಯಾರೋ ಬೂದಿ ಎರಚಿದ ಹಾಗೆ ಬಿಳಿ ಪುಡಿ ಇದೆ. ಏನಿದು?

ಹೆಚ್ಚಾಗಿ ಅದು ಬೂದಿ ರೋಗ. ಸೌತೆ, ಕುಂಬಳ, ಹಾಗಲ, ಬೆಂಡೆ, ಬಟಾಣಿ, ಗುಲಾಬಿ, ಇವೆಲ್ಲಕ್ಕೂ ಬರುತ್ತದೆ. ಇದೊಂದು ಶಿಲೀಂಧ್ರ, ಅಂದರೆ ಬೂಜಿನ ಜಾತಿಯದು. ಎಲೆಯ ಮೇಲೇ ಹರಡಿಕೊಂಡು, ಸಣ್ಣ ಬೇರಿನಂಥ ಎಳೆಗಳನ್ನು ಎಲೆಯ ಮೇಲ್ಪದರಕ್ಕೆ ಇಳಿಸಿ ರಸ ಹೀರುತ್ತದೆ. ಬೆರಳಿನಿಂದ ಒರೆಸಿದರೆ ಪುಡಿ ಅಂಟಿ ಬರುತ್ತದೆ, ಕೆಳಗೆ ಎಲೆ ಇನ್ನೂ ಹಸಿರಾಗಿರುತ್ತದೆ. ಆ ಹಂತದಲ್ಲಿ ಸಿಕ್ಕರೆ ಗಿಡ ಉಳಿಸಿಕೊಳ್ಳುವುದು ಸುಲಭ. ಎಲೆ ಹಳದಿಯಾಗಿ, ಅಂಚು ಒಣಗಿ ಮೇಲಕ್ಕೆ ಸುತ್ತಿಕೊಳ್ಳಲು ಶುರುವಾದರೆ ತಡವಾಯಿತು ಅಂತಲೇ ಅರ್ಥ.

ಮೆಣಸಿನ ಗಿಡ, ದಪ್ಪ ಮೆಣಸಿನಕಾಯಿ ಮಾತ್ರ ಮೋಸ ಮಾಡುತ್ತವೆ. ಅವುಗಳಿಗೆ ಬರುವ ಬೂದಿ ರೋಗ ಎಲೆಯ ಒಳಗೆ ಬೆಳೆಯುವ ಜಾತಿಯದು. ಮೇಲೆ ಹಳದಿ ಮಚ್ಚೆ, ಕೆಳಗೆ ಬಿಳಿ ಪುಡಿ. ಮೇಲಿಂದ ನೋಡುವವರು ಗೊಬ್ಬರ ಸಾಲದು ಅಂತ ಗೊಬ್ಬರ ಹಾಕುತ್ತಾ ಹೋಗುತ್ತಾರೆ, ಎಲೆ ಉದುರುತ್ತಾ ಹೋಗುತ್ತದೆ.

ಕುಂಬಳದ ಎಲೆಯಲ್ಲಿ ನರದ ಉದ್ದಕ್ಕೂ ಬೆಳ್ಳಿ ಬಣ್ಣದ ಪಟ್ಟೆ ಇದೆ. ಒರೆಸಿದರೂ ಹೋಗುತ್ತಿಲ್ಲ.

ಹೋಗುವುದೂ ಇಲ್ಲ. ಅದು ರೋಗವಲ್ಲ, ಆ ತಳಿಯ ಬಣ್ಣವೇ ಹಾಗೆ. ಪಟ್ಟೆ ನರದ ಗೆರೆಯನ್ನೇ ಹಿಡಿದು, ಎಲ್ಲ ಎಲೆಯಲ್ಲೂ ಒಂದೇ ರೀತಿ ಇದ್ದರೆ ಸುಮ್ನೆ ಬಿಡಿ. ಬೂದಿ ರೋಗ ದುಂಡು ದುಂಡಾದ ಮಚ್ಚೆಯಾಗಿ, ಬೇಕಾದ ಕಡೆ ಬಂದಿರುತ್ತದೆ, ಒಂದು ವಾರದಲ್ಲಿ ದೊಡ್ಡದೂ ಆಗಿರುತ್ತದೆ.

ಮಳೆಗಾಲ ಪೂರ್ತಿ ಗಿಡ ಚೆನ್ನಾಗಿತ್ತು. ಮಳೆ ನಿಂತ ಮೇಲೆ ಬೂದಿ ಬಂತು. ಬೂಜು ಅಂದರೆ ಒದ್ದೆಗೆ ಬರಬೇಕಲ್ವಾ?

ಎಲ್ಲರೂ ಎಡವುವುದು ಇಲ್ಲೇ. ಬೇರೆ ಬಹುಪಾಲು ಬೂಜುಗಳ ಬೀಜಕಣ ಮೊಳೆಯಲು ಎಲೆ ಮೇಲೆ ನೀರು ನಿಂತಿರಬೇಕು. ಬೂದಿ ರೋಗಕ್ಕೆ ಬೇಡ. ಎಲೆ ಮೇಲೆ ನೀರಿಲ್ಲದಿದ್ದರೂ ಗಾಳಿಯಲ್ಲಿ ತೇವ ಇದ್ದರೆ ಸಾಕು. ನಿಂತ ನೀರು ಅದಕ್ಕೆ ತೊಂದರೆಯೇ. ಜೋರು ಮಳೆ ಬೀಜಕಣಗಳನ್ನು ತೊಳೆದೂ ಹಾಕುತ್ತದೆ. 20 ರಿಂದ 27 ಡಿಗ್ರಿ ಬಿಸಿ, ತಂಪು ರಾತ್ರಿ, ಒಣ ಹಗಲು, ಅರೆ ನೆರಳು ಅದಕ್ಕೆ ಇಷ್ಟ. ಬೆಂಗಳೂರಿನ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಹವೆ ಹೆಚ್ಚುಕಡಿಮೆ ಇದೇ ಅಲ್ವಾ? ನಮಗೆ ಹಿತವಾದ ಕಾಲ ಅದಕ್ಕೂ ಹಿತ. ಅದೇ ಹೊತ್ತಿಗೆ ಮಾವಿನ ಹೂವಿಗೂ ಬೂದಿ ಹಿಡಿಯುತ್ತದೆ. ಕೋಲಾರ, ಶ್ರೀನಿವಾಸಪುರದ ಕಡೆ ಮಾವು ಬೆಳೆಯುವವರನ್ನು ಕೇಳಿ ನೋಡಿ.

ಎಲೆಯ ಕೆಳಗೆ ಬೂದು ಬಣ್ಣದ ತುಪ್ಪಟ ಇದೆ, ಮೇಲೆ ಹಳದಿ ಚೌಕ. ಇದೂ ಬೂದಿ ರೋಗವೇ?

ಅಲ್ಲ, ಅದು ಬೂಜು ತುಪ್ಪಟ ರೋಗ. ಸೌತೆ, ಹೀರೆಗೆ ಜಾಸ್ತಿ. ಹಳದಿ ಮಚ್ಚೆ ನರಗಳ ನಡುವೆ ಸಿಕ್ಕಿಕೊಂಡ ಹಾಗೆ ಮೂಲೆ ಮೂಲೆಯಾಗಿರುತ್ತದೆ. ಇದಕ್ಕೆ ಎಲೆ ಒದ್ದೆಯಾಗಿರಬೇಕು, ಹಾಗಾಗಿ ಮಳೆಗಾಲದ ಗಿರಾಕಿ. ಎರಡಕ್ಕೂ ಮದ್ದು ಬೇರೆ ಬೇರೆ. ಬೂದಿಗೆ ಗಂಧಕ ಕೆಲಸ ಮಾಡುತ್ತದೆ, ತುಪ್ಪಟಕ್ಕೆ ತಾಮ್ರದ ಮದ್ದು ಬೇಕು.

ಊರಿನ ತೋಟದಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಇದೆ. ಅದನ್ನೇ ಬೂದಿಗೆ ಹೊಡೆಯಲೇ?

ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣದ ಬೋರ್ಡೋ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿಯ ತುಪ್ಪಟ ರೋಗಕ್ಕೆ, 1880ರ ದಶಕದಲ್ಲಿ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದವರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮುಖ್ಯರು. ಕೊಳೆರೋಗ, ತುಪ್ಪಟ ಎರಡೂ ನೀರು ಬೇಡುವ ರೋಗಗಳು, ಅಲ್ಲಿ ಅದು ಸರಿ. ಬೂದಿ ರೋಗಕ್ಕೆ ಅಷ್ಟು ಪರಿಣಾಮವಿಲ್ಲ. ಸೌತೆಯ ಎಳೆ ಎಲೆಗೆ ಸುಟ್ಟ ಕಲೆ ಬೀಳಬಹುದು. ಅಡಿಕೆಗೇ ಇರಲಿ ಬಿಡಿ.

ಗುಲಾಬಿಗೆ ಬಂದ ಬೂದಿ ಪಕ್ಕದ ಸೌತೆಗೂ ಹತ್ತುತ್ತದೆಯೇ?

ಇಲ್ಲ. ನೋಡಲು ಒಂದೇ ಥರ ಇದ್ದರೂ ಗುಲಾಬಿಯದು ಬೇರೆ, ಸೌತೆ ಕುಂಬಳದ್ದು ಬೇರೆ, ಬಟಾಣಿಯದು ಬೇರೆ. ಆದರೆ ಸೌತೆಯಿಂದ ಕುಂಬಳಕ್ಕೆ, ಕುಂಬಳದಿಂದ ಸೋರೆಗೆ ಧಾರಾಳವಾಗಿ ಹೋಗುತ್ತದೆ. ಒಂದೇ ಚಪ್ಪರಕ್ಕೆ ನಾಲ್ಕು ಬಳ್ಳಿ ಹಬ್ಬಿಸುವವರು ಇದನ್ನು ನೆನಪಿಡಬೇಕು.

ಬೂದಿ ಕಂಡ ದಿನ ಮೊದಲು ಏನು ಮಾಡಲಿ?

ಕತ್ತರಿ ತನ್ನಿ. ಜಾಸ್ತಿ ಬೂದಿ ಹಿಡಿದ, ಬುಡದ ಹಳೆ ಎಲೆಗಳನ್ನು ತೊಟ್ಟಿನ ಸಮೇತ ತೆಗೆಯಿರಿ. ಕೊಡವಬೇಡಿ, ಕೊಡವಿದರೆ ನೀವೇ ಬಿತ್ತನೆ ಮಾಡಿದ ಹಾಗೆ. ಮೆಲ್ಲಗೆ ಕವರಿನೊಳಗೆ ಹಾಕಿ ಕಟ್ಟಿ. ಒಂದೇ ಸಲ ಮೂರನೇ ಒಂದು ಪಾಲಿಗಿಂತ ಜಾಸ್ತಿ ಎಲೆ ತೆಗೆಯಬೇಡಿ, ಗಿಡಕ್ಕೂ ಊಟ ಬೇಕಲ್ಲ.

ಆಮೇಲೆ ಕುಂಡಗಳನ್ನು ಬಿಡಿಸಿ ಇಡಿ. ಒಂದರ ಎಲೆ ಇನ್ನೊಂದಕ್ಕೆ ತಾಗಬಾರದು. ಗೋಡೆಗೆ ಒತ್ತಿ ಇಟ್ಟದ್ದನ್ನು ಒಂದಡಿ ಮುಂದಕ್ಕೆ ಎಳೆಯಿರಿ. ನೆರಳಲ್ಲಿರುವುದನ್ನು ಬಿಸಿಲಿಗೆ ಸರಿಸಿ. ವಾರ ವಾರ ಸಾರಜನಕದ ಗೊಬ್ಬರ, ಕಡಲೆ ಹಿಂಡಿ ನೀರು ಅಂತ ಕೊಡುತ್ತಿದ್ದರೆ ಮೂರು ವಾರ ನಿಲ್ಲಿಸಿ. ಮೆತ್ತಗೆ, ದಪ್ಪಗೆ ಬಂದ ಚಿಗುರು ಬೂದಿಗೂ ಹೇನಿಗೂ (ಗಿಡದ ರಸ ಹೀರುವ ಸಣ್ಣ ಕೀಟ) ಹಬ್ಬದೂಟ.

ಇಷ್ಟು ಮಾಡಿದ ಮೇಲೆ ಸಿಂಪಡಣೆಯ ಮಾತು. ನನ್ನ ತಾರಸಿಯಲ್ಲಿ ಕುಂಡ ಬಿಡಿಸಿಟ್ಟ ವರ್ಷ ಅರ್ಧ ತೊಂದರೆ ಅಲ್ಲೇ ಮುಗಿದಿತ್ತು.

ಹುಳಿ ಮಜ್ಜಿಗೆ, ಹಾಲು ಹೊಡೆದರೆ ಹೋಗುತ್ತದೆ ಅಂತಾರೆ. ನಿಜವೇ?

ಅಜ್ಜಿಯ ಕಾಲದ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟಿಯೋಲ್ ಕುಂಬಳದ ಜಾತಿಯ ಜುಕೀನಿ ಗಿಡದ ಮೇಲೆ ಹಸುವಿನ ಹಾಲು ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿಗೆ ಶೇಕಡ 10 ಅಥವಾ ಅದಕ್ಕಿಂತ ಜಾಸ್ತಿ ಹಾಲು ಬೆರೆಸಿ ಹೊಡೆದಾಗ ಬೂದಿ ರೋಗ ಚೆನ್ನಾಗಿ ಹತೋಟಿಗೆ ಬಂತು. ಮನೆ ಲೆಕ್ಕಕ್ಕೆ ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು. ವಾರಕ್ಕೆ ಒಂದು ಅಥವಾ ಎರಡು ಸಲ, ಬೆಳಿಗ್ಗೆ, ಬಿಸಿಲಿರುವ ದಿನ. ಎಲೆಯ ಎರಡೂ ಬದಿ ತೋಯಬೇಕು.

ಹುಳಿ ಮಜ್ಜಿಗೆಯನ್ನೂ ಹೀಗೇ ತೆಳ್ಳಗೆ ಮಾಡಿ ಬಳಸುತ್ತಾರೆ. ಬಟ್ಟೆಯಲ್ಲಿ ಎರಡು ಸಲ ಸೋಸದಿದ್ದರೆ ಸ್ಪ್ರೇ ಬಾಟಲಿಯ ಮೂತಿ ಕಟ್ಟಿಕೊಳ್ಳುತ್ತದೆ. ಒಗ್ಗರಣೆ ಹಾಕಿ ಉಳಿದ ಮಜ್ಜಿಗೆ ಖಂಡಿತ ಬೇಡ (ತಂದವರಿದ್ದಾರೆ). ಹಾಲು ದಪ್ಪಗಾದರೆ ಎಲೆ ಮೇಲೆ ವಾಸನೆ, ನೊಣ, ಬೇರೆ ಬೂಜು. ಒಂದು ಮಾತು: ಇದು ಶುರುವಿನ ಹಂತದ ಮದ್ದು. ಇಡೀ ಬಳ್ಳಿ ಬೆಳ್ಳಗಾದ ಮೇಲೆ ಹಾಲಿನ ಅಭಿಷೇಕ ಮಾಡಿದರೆ ಹಾಲು ದಂಡ.

ಅಡುಗೆ ಸೋಡಾ?

ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ, ಕೆಲವು ಹನಿ ದ್ರವ ಸೋಪು. ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಸೋಡಿಯಂ ಇದೆ. ಪದೇ ಪದೇ ಹೊಡೆದರೆ ಕುಂಡದ ಮಣ್ಣಿನಲ್ಲಿ ಉಪ್ಪು ಕೂಡುತ್ತದೆ, ಎಲೆ ಅಂಚು ಸುಡುತ್ತದೆ. ಪೊಟ್ಯಾಸಿಯಂ ಬೈಕಾರ್ಬೊನೇಟ್ ಸಿಕ್ಕರೆ ಅದು ಮೇಲು. ನಾನು ಸೋಡಾವನ್ನು ಬೋಂಡಕ್ಕೆ ಮೀಸಲಿಟ್ಟಿದ್ದೇನೆ.

ಔಷಧಿ ಅಂಗಡಿಯಲ್ಲಿ ಗಂಧಕದ ಪುಡಿ ಕೊಟ್ಟರು. ಮನೆ ಗಿಡಕ್ಕೆ ಬಳಸಬಹುದೇ?

ನೀರಿನಲ್ಲಿ ಕರಗುವ ಗಂಧಕ, ಶೇಕಡ 80ರದ್ದು, ಬೂದಿ ರೋಗಕ್ಕೆ ಹಳೆಯ, ನಂಬಬಹುದಾದ ಮದ್ದು. ಸಾಮಾನ್ಯವಾಗಿ ಲೀಟರಿಗೆ 2 ರಿಂದ 3 ಗ್ರಾಂ. ನಿಮ್ಮ ಪೊಟ್ಟಣದ ಮೇಲೆ ಬರೆದದ್ದೇ ಕೊನೆಯ ಮಾತು. ಎರಡು ವಿಷಯ ಮರೆಯಬೇಡಿ. ಬಿಸಿಲು 32 ಡಿಗ್ರಿ ದಾಟುವ ದಿನ ಹೊಡೆಯಬೇಡಿ, ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ, ಗಂಧಕ ಹೊಡೆದ ಎರಡು ವಾರದೊಳಗೆ ಎಣ್ಣೆಯೂ ಬೇಡ. ಎರಡೂ ಸೇರಿದರೆ ಎಲೆಗೆ ವಿಷ. ಸೌತೆ ಜಾತಿಯ ಕೆಲವು ಬಳ್ಳಿಗಳಿಗೆ ಗಂಧಕ ಆಗಿಬರುವುದಿಲ್ಲ. ಎರಡು ಎಲೆಗೆ ಹೊಡೆದು, ಎರಡು ದಿನ ಕಾದು, ಆಮೇಲೆ ಉಳಿದದ್ದಕ್ಕೆ ಹೊಡೆಯಿರಿ.

ಬೇವಿನೆಣ್ಣೆ ಹೊಡೆದರೂ ಏನೂ ಆಗುತ್ತಿಲ್ಲ. ಏಕೆ?

ಬಾಟಲಿ ತೆರೆದು, ನೀರಿಗೆ ಸುರಿದು, ಕಲಕಿ ಹೊಡೆದಿರಿ ಅಲ್ವಾ? ಎಣ್ಣೆ ನೀರಿನ ಮೇಲೆ ತೇಲಿತು. ಮೊದಲ ಹತ್ತು ಗಿಡಕ್ಕೆ ಬರೀ ನೀರು ಬಿತ್ತು, ಕೊನೆಯ ಗಿಡಕ್ಕೆ ಬರೀ ಎಣ್ಣೆ. ಮೊದಲಿನವು ಗುಣವಾಗಲಿಲ್ಲ, ಕೊನೆಯದು ಸುಟ್ಟುಹೋಯಿತು.

ಸರಿಯಾದ ಕ್ರಮ ಹೀಗೆ. ಸಣ್ಣ ಬಟ್ಟಲಿನಲ್ಲಿ 5 ಮಿಲಿ ಬೇವಿನೆಣ್ಣೆ ಹಾಕಿ. ಅದಕ್ಕೆ 1 ರಿಂದ 2 ಮಿಲಿ ದ್ರವ ಸೋಪು ಹಾಕಿ ಹಾಲಿನ ಬಣ್ಣ ಬರುವ ತನಕ ತಿರುಗಿಸಿ. ಸೋಪಿನ ಬದಲು ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೊರೆ ನೀರೂ ಆಗುತ್ತದೆ. ನನಗೆ ಅದೇ ಇಷ್ಟ. ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಬೆರೆಸಿದ್ದನ್ನು ಅಂದೇ ಮುಗಿಸಿ, ನಾಳೆಗೆ ಇಡಬೇಡಿ. ಹೊಡೆಯುವಾಗಲೂ ಆಗಾಗ ಬಾಟಲಿ ಅಲುಗಾಡಿಸಿ.

ಹೊಡೆಯುವ ಹೊತ್ತು ಸಂಜೆ. ಬೇವಿನ ಸತ್ವ ಬಿಸಿಲಿಗೆ ಬೇಗ ಹಾಳಾಗುತ್ತದೆ, ಬಿಸಿಲಲ್ಲಿ ಎಣ್ಣೆ ಎಲೆಯನ್ನೂ ಸುಡುತ್ತದೆ, ಹಗಲಲ್ಲಿ ಜೇನುನೊಣ ಓಡಾಡುತ್ತಿರುತ್ತವೆ. ನಾನೇ ಒಂದು ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತೂವರೆಗೆ ಸೌತೆ ಬಳ್ಳಿಗೆ ಬೇವಿನೆಣ್ಣೆ ಹೊಡೆದು, ಸಾಯಂಕಾಲಕ್ಕೆ ಹಪ್ಪಳ ಸುಟ್ಟ ಹಾಗೆ ಮಾಡಿಕೊಂಡಿದ್ದೆ.

ಇನ್ನೊಂದು: ಬೇವು ತಕ್ಷಣ ಕೊಲ್ಲುವ ವಿಷವಲ್ಲ. ಅದರಲ್ಲಿರುವ ಅಜಾಡಿರಕ್ಟಿನ್ ಹುಳುವಿಗೆ ಊಟ ಸೇರದಂತೆ, ಪೊರೆ ಬಿಡಲಾಗದಂತೆ ಮಾಡುತ್ತದೆ. ಮರುದಿನ ಹೇನು ಅಲ್ಲೇ ಕೂತಿದ್ದರೆ ಬೇಸರಪಡಬೇಡಿ. ಏಳು ದಿನಕ್ಕೊಮ್ಮೆ ಮೂರು ಸಲ ಹೊಡೆಯಬೇಕು, ಏಕೆಂದರೆ ಕೀಟದ ಮೊಟ್ಟೆಗಳೆಲ್ಲ ಸತ್ತಿರುವುದಿಲ್ಲ, ಅವು ಒಡೆದು ಮರಿ ಬರುವುದನ್ನು ಕಾಯಬೇಕು.

ಬೇವು ಬೂದಿ ರೋಗಕ್ಕೂ ಆಗುತ್ತದೆಯೇ? ಅದು ಹುಳುವಿಗೆ ಮಾತ್ರ ಅಂದುಕೊಂಡಿದ್ದೆ.

ಎಣ್ಣೆ ಆಗುತ್ತದೆ. ಈ ವಿಷಯಕ್ಕೆ ದೊಡ್ಡ ಜಗಳವೇ ಆಗಿದೆ. ಬೇವಿನೆಣ್ಣೆಯಿಂದ ಗಿಡದ ಬೂಜು ರೋಗ ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು.ಆರ್. ಗ್ರೇಸ್ ಕಂಪನಿ ಯುರೋಪಿನಲ್ಲಿ ಪೇಟೆಂಟ್ ಪಡೆದಿದ್ದವು. ಭಾರತದಲ್ಲಿ ಇದು ಹಿಂದಿನಿಂದ ಇರುವುದೇ ಅಂತ ಪರಿಸರ ಹೋರಾಟಗಾರ್ತಿ ವಂದನಾ ಶಿವ ಮುಂತಾದವರು ಆಕ್ಷೇಪ ಎತ್ತಿದರು. 2000ದಲ್ಲಿ ಪೇಟೆಂಟ್ ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ನಮ್ಮ ಬೇವು ನಮಗೇ ಉಳಿಯಿತು.

ಬೇವಿನ ಬೀಜವೇ ಸಿಗುತ್ತದೆ. ಕಷಾಯ ಮಾಡುವುದು ಹೇಗೆ?

50 ಗ್ರಾಂ ಒಣಗಿದ ಬೀಜ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ, ಸೋಸಿ, ಕೆಲವು ಹನಿ ಸೋಪು ಸೇರಿಸಿ. ಅಂದು ಸಂಜೆಯೇ ಹೊಡೆದು ಮುಗಿಸಿ. ಎಲೆ ಸುಡುವ ಭಯ ಎಣ್ಣೆಗಿಂತ ಕಡಿಮೆ. ಇಷ್ಟೂ ಕೆಲಸ ಬೇಡ ಅನ್ನುವವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಐಐಎಚ್‌ಆರ್, ಬೇವಿನ ಸೋಪು, ಹೊಂಗೆ ಸೋಪು ಅಂತ ರೂಪಿಸಿದೆ. ನೀರಿನಲ್ಲಿ ಕರಗಿಸಿ ಹೊಡೆಯುವುದಷ್ಟೇ. ಎಣ್ಣೆ ಬೆರೆಯುವ ರಗಳೆಯೇ ಇಲ್ಲ.

ದಾಸವಾಳದ ಕುಡಿಯಲ್ಲಿ ಹತ್ತಿಯ ಹಾಗೆ ಬೆಳ್ಳಗೆ ಮೆತ್ತಿಕೊಂಡಿದೆ. ಇದೂ ಬೂದಿ ರೋಗವೇ?

ಅಲ್ಲ. ಹತ್ತಿರದಿಂದ ನೋಡಿ, ಕಾಲು ಕಾಣುತ್ತವೆ. ಅದು ಹಿಟ್ಟು ತಿಗಣೆ. ಕುಡಿ ಗಂಟು ಗಂಟಾಗಿ ಮುರುಟಿಕೊಂಡಿದ್ದರೆ ಅನುಮಾನವೇ ಬೇಡ. ಮೈಮೇಲೆ ಮೇಣದ ಪುಡಿ ಇರುವುದರಿಂದ ಬರೀ ನೀರಿನ ಔಷಧಿ ಜಾರಿಹೋಗುತ್ತದೆ.

ಮುರುಟಿದ ಕುಡಿಗಳನ್ನು ಕತ್ತರಿಸಿ ಸೋಪಿನ ನೀರಿನಲ್ಲಿ ಮುಳುಗಿಸಿ. ಉಳಿದ ಕೊಂಬೆಗಳಿಗೆ ಪೈಪಿನ ಮೂತಿಗೆ ಬೆರಳಿಟ್ಟು ಜೋರಾಗಿ ನೀರು ಬಿಡಿ. ಕೆಳಗೆ ಬಿದ್ದವು ಮತ್ತೆ ಹತ್ತಿ ಬರುವುದು ಕಡಿಮೆ. ಅದಾದ ಮೇಲೆ ಲೀಟರಿಗೆ 5 ಮಿಲಿ ದ್ರವ ಸೋಪು ಬೆರೆಸಿದ ನೀರು ಅಥವಾ ಬೇವಿನೆಣ್ಣೆ, ವಾರಕ್ಕೊಮ್ಮೆ. ಬಟ್ಟೆ ತೊಳೆಯುವ ಪುಡಿ ಮಾತ್ರ ಬೇಡ, ಎಲೆ ಸುಡುತ್ತದೆ.

ಈಗ ಒಂದು ಎಚ್ಚರಿಕೆ. ಹಿಟ್ಟು ತಿಗಣೆಗಳ ನಡುವೆ ಅವಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾದ, ಉಣ್ಣೆಯ ಎಳೆ ನೇತಾಡುವ, ಚುರುಕಾಗಿ ಓಡಾಡುವ ಬಿಳಿ ಹುಳು ಕಂಡರೆ ಕೈ ಕಟ್ಟಿ ನಿಲ್ಲಿ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ (ಲೇಡಿಬರ್ಡ್) ಮರಿ. ವೇಷ ತಿಗಣೆಯದು, ಊಟವೂ ತಿಗಣೆಯೇ. ಆಸ್ಟ್ರೇಲಿಯಾದಿಂದ 1898ರಲ್ಲೇ ಭಾರತಕ್ಕೆ ಬಂದ ಅತಿಥಿ. ನಾವು "ದೊಡ್ಡ ತಿಗಣೆ" ಅಂತ ಮೊದಲು ಹೊಸಕಿ ಹಾಕುವುದು ಇದನ್ನೇ.

ಪಪ್ಪಾಯದ ಹಿಟ್ಟು ತಿಗಣೆಯ ಕಥೆ ಇನ್ನೂ ಸ್ವಾರಸ್ಯ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಈ ಹೊರಗಿನ ಕೀಟ ಪಪ್ಪಾಯ, ಹಿಪ್ಪುನೇರಳೆ, ದಾಸವಾಳ ಎಲ್ಲಕ್ಕೂ ಹತ್ತಿತು. ಔಷಧಿ ಹೊಡೆದು ಹೊಡೆದು ಜನ ಸೋತರು. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೀಟ ಸಂಸ್ಥೆ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ, ಬೆಳೆಸಿ, ಹಂಚಿತು. ಸಾಸಿವೆಗಿಂತ ಚಿಕ್ಕ ಕಣಜ, ತಿಗಣೆಯ ಹೊಟ್ಟೆಯೊಳಗೆ ಮೊಟ್ಟೆ ಇಡುತ್ತದೆ. ತಿಗಣೆಯ ಹಾವಳಿ ಇಳಿಯಿತು. ಕಂಡಕಂಡದ್ದಕ್ಕೆ ವಿಷ ಹೊಡೆಯಬೇಡಿ ಅಂತ ನಾನು ಗೊಣಗುವುದು ಇಂಥವುಗಳ ಸಲುವಾಗಿ.

ಗಿಡದ ಮೇಲೆ ಇರುವೆ ಸಾಲು ಹತ್ತುತ್ತಿದೆ. ಇರುವೆ ಪುಡಿ ಹಾಕಲೇ?

ಇರುವೆ ಗಿಡ ತಿನ್ನಲು ಹೋಗುತ್ತಿಲ್ಲ, ಹಾಲು ಕರೆಯಲು ಹೋಗುತ್ತಿದೆ. ಹೇನು, ಹಿಟ್ಟು ತಿಗಣೆ, ಬಿಳಿ ನೊಣ ರಸ ಹೀರಿ ಸಿಹಿ ಅಂಟು ಬಿಡುತ್ತವೆ. ಅದಕ್ಕಾಗಿ ಇರುವೆ ಅವುಗಳನ್ನು ದನದ ಹಾಗೆ ಕಾಯುತ್ತದೆ, ಗುಲಗಂಜಿ ಹುಳು ಬಂದರೆ ಓಡಿಸುತ್ತದೆ. ಎಲೆ ಮೇಲೆ ಮಸಿ ಬಳಿದ ಹಾಗೆ ಕಪ್ಪಾಗುವುದೂ ಅದೇ ಅಂಟಿನ ಮೇಲೆ ಬೆಳೆದ ಬೂಜಿನಿಂದ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಕುಂಡದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡಿ, ಹಿಂದೆ ತಿಂಡಿ ಕಪಾಟಿಗೆ ಮಾಡುತ್ತಿದ್ದೆವಲ್ಲ, ಹಾಗೆ. ಸೊಳ್ಳೆ ಆಗದಂತೆ ಎರಡು ದಿನಕ್ಕೊಮ್ಮೆ ನೀರು ಬದಲಿಸಿ.

ಅವರೆ, ಅಲಸಂದೆಯ ಹೂಗೊಂಚಲಿಗೆ ಕಪ್ಪು ಹೇನು ಮುತ್ತಿದೆ.

ಕೈಗೆ ಗ್ಲೌಸ್ ಹಾಕಿ ಸವರಿ ತೆಗೆಯಿರಿ, ಇಲ್ಲವೇ ನೀರಿನ ರಭಸಕ್ಕೆ ಬೀಳಿಸಿ. ಸೌದೆ ಒಲೆ ಇರುವವರು ಬೆಳಗಿನ ಇಬ್ಬನಿಯಲ್ಲಿ ತಣ್ಣನೆಯ ಬೂದಿ ಚಿಮುಕಿಸುತ್ತಾರೆ. ಸಿಟಿಯಲ್ಲಿ ಬೂದಿ ಎಲ್ಲಿ ಬಂತು, ಸೋಪಿನ ನೀರೇ ಸಾಕು. ಹೇನುಗಳ ನಡುವೆ ಉಬ್ಬಿದ, ಕಂದು ಬಣ್ಣದ, ಅಲುಗಾಡದ ಹೇನು ಕಂಡರೆ ಅವುಗಳೊಳಗೆ ಕಣಜದ ಮರಿ ಇದೆ ಅಂತ. ಆ ಗೊಂಚಲನ್ನು ಹಾಗೇ ಬಿಡಿ.

ಮೆಣಸಿನ ಗಿಡದ ಎಲೆ ಮುದುರಿಕೊಂಡಿದೆ. ಏನು ಹೊಡೆಯಲಿ?

ಮುದುರಿದ್ದು ಮೇಲಕ್ಕೋ, ಕೆಳಕ್ಕೋ? ಎಲೆಯ ಅಂಚು ದೋಣಿಯ ಹಾಗೆ ಮೇಲಕ್ಕೆ ಎದ್ದಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ. ದೋಣಿ ಮಗುಚಿದ ಹಾಗೆ ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿದ್ದರೆ ನುಸಿ. ನುಸಿ ಕೀಟವಲ್ಲ, ಜೇಡದ ಕುಲ, ಹಾಗಾಗಿ ಎಷ್ಟೋ ಕೀಟನಾಶಕ ಅದಕ್ಕೆ ತಾಗುವುದೇ ಇಲ್ಲ. ಉಲ್ಟಾ ಅದನ್ನು ತಿನ್ನುವವು ಸತ್ತು ನುಸಿ ಹೆಚ್ಚುತ್ತದೆ.

ಥ್ರಿಪ್ಸ್‌ಗೆ ನೀಲಿ ಅಂಟು ಹಾಳೆ ತೂಗುಹಾಕಿ, ಬೇವಿನ ಕಷಾಯ ಚಿಗುರಿಗೆ, ಹೂವಿಗೆ ತಾಗುವಂತೆ ಹೊಡೆಯಿರಿ. ನುಸಿಗೆ ಗಂಧಕ ಕೆಲಸ ಮಾಡುತ್ತದೆ. ಬೂದಿಗೆ ತಂದದ್ದೇ ಇಲ್ಲೂ ಆಯಿತು. ಎಲೆ ಚಿಕ್ಕದಾಗಿ, ಗಿಡವೇ ಗಿಡ್ಡವಾಗಿ ಪೊದೆಯ ಹಾಗಾದರೆ ಅದು ವೈರಸ್‌ನಿಂದ ಬರುವ ನಂಜು ರೋಗ. ಅಂಥದ್ದನ್ನು ಕಿತ್ತುಬಿಡಿ.

ಬೆಂಡೆಯ ಎಲೆಯ ನರಗಳೆಲ್ಲ ಹಳದಿಯಾಗಿವೆ.

ಹಳದಿ ನಂಜು. ಬಿಳಿ ನೊಣ ತರುವ ವೈರಸ್, ಬಂದ ಮೇಲೆ ಮದ್ದಿಲ್ಲ. ಗಿಡ ಕಿತ್ತು ಉಳಿದವನ್ನು ಕಾಪಾಡಿಕೊಳ್ಳಿ. ಹಳದಿ ಬಣ್ಣದ ಡಬ್ಬದ ಮುಚ್ಚಳಕ್ಕೆ ಹರಳೆಣ್ಣೆ ಸವರಿ ಗಿಡದ ಎತ್ತರದಲ್ಲಿ ಕಟ್ಟಿದರೆ ಬಿಳಿ ನೊಣ ಅಂಟಿಕೊಳ್ಳುತ್ತವೆ. ಮುಂದಿನ ಸಲ ಈ ನಂಜನ್ನು ತಾಳಿಕೊಳ್ಳಲೆಂದು ಐಐಎಚ್‌ಆರ್ ಕೊಟ್ಟ ಅರ್ಕಾ ಅನಾಮಿಕಾದಂಥ ತಳಿಯ ಬೀಜ ಹಾಕಿ. ಹಾಗೇ ಬಟಾಣಿಗೆ ಬೂದಿ ರೋಗ ತಡೆಯುವ ಅರ್ಕಾ ಅಜಿತ್ ಇದೆ. ಬೀಜ ಕೊಳ್ಳುವಾಗಲೇ ಅರ್ಧ ಔಷಧಿ ಖರ್ಚು ಉಳಿಸಬಹುದು.

ಬದನೆಕಾಯಿ ಹೊರಗೆ ಚೆಂದ, ಕೊಯ್ದರೆ ಒಳಗೆ ಹುಳು.

ಕುಡಿ ಮತ್ತು ಕಾಯಿ ಕೊರಕ. ಒಳಗೆ ಹೊಕ್ಕ ಮೇಲೆ ಯಾವ ಸಿಂಪಡಣೆಯೂ ಮುಟ್ಟುವುದಿಲ್ಲ. ಕಾಯಿ ಬಿಡುವ ಮುಂಚೆ ಅದು ಎಳೆ ಕುಡಿಯನ್ನು ಕೊರೆಯುತ್ತದೆ. ನೀರು ಹಾಕಿದ್ದರೂ ಒಂದೇ ಒಂದು ಕುಡಿ ಬಾಡಿ ತೂಗಿದ್ದರೆ ಅದನ್ನು ಬಾಡಿದ ಜಾಗಕ್ಕಿಂತ ಒಂದಿಂಚು ಕೆಳಗೆ ಕತ್ತರಿಸಿ, ಸೀಳಿ ನೋಡಿ. ಹುಳು ಸಿಗುತ್ತದೆ. ದಿನಾ ಬೆಳಿಗ್ಗೆ ಎರಡು ನಿಮಿಷ ಹೀಗೆ ಮಾಡಿದರೆ ಹತ್ತು ಗಿಡ ಉಳಿಸಬಹುದು. ಜೀನ್ ಬದಲಿಸಿ ಮಾಡಿದ ಬಿಟಿ ಬದನೆಯ ದೊಡ್ಡ ಚರ್ಚೆ ನಡೆದದ್ದು ಇದೇ ಹುಳುವಿಗಾಗಿ. ಬೆಂಗಳೂರಿನಲ್ಲೂ ಸಾರ್ವಜನಿಕ ಸಭೆ ಆಗಿ, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು.

ಹೀರೆ, ಹಾಗಲದ ಮಿಡಿ ಹಳದಿಯಾಗಿ, ಡೊಂಕಾಗಿ ಕೊಳೆಯುತ್ತದೆ.

ಹಣ್ಣು ನೊಣ. ಮಿಡಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹೂ ಉದುರಿದ ಕೂಡಲೇ ಮಿಡಿಗೆ ಕಾಗದದ ಅಥವಾ ತೆಳು ಬಟ್ಟೆಯ ಚೀಲ ಕಟ್ಟುವುದು ನೂರಕ್ಕೆ ನೂರು ಉಪಾಯ. ಬಲೆಗೆ ಹಾಕುವ ಆಕರ್ಷಕ ಕೊಳ್ಳುವಾಗ ನೋಡಿ ಕೊಳ್ಳಿ: ಸೌತೆ ಜಾತಿಯ ನೊಣಕ್ಕೆ ಕ್ಯೂ ಲ್ಯೂರ್, ಮಾವು ಸೀಬೆಯ ನೊಣಕ್ಕೆ ಮಿಥೈಲ್ ಯೂಜಿನಾಲ್. ಅದಲುಬದಲಾದರೆ ಬಲೆ ಖಾಲಿ. ಕೊಳೆತ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಒಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಕವರಿನಲ್ಲಿ ಕಟ್ಟಿ ಬಿಸಿಲಿಗೆ ಇಡಿ.

ಟೊಮೆಟೊ ಎಲೆಯಲ್ಲಿ ಯಾರೋ ರಂಗೋಲಿ ಬಿಟ್ಟ ಹಾಗಿದೆ.

ಹೆಸರೇ ರಂಗೋಲಿ ಹುಳು. ಎಲೆಯ ಎರಡು ಪದರದ ನಡುವೆ ಸುರಂಗ ಕೊರೆಯುತ್ತದೆ. ಬಹಳ ಹಿಡಿದ ಎಲೆ ಕಿತ್ತುಹಾಕಿ. ಬಾಕಿಯದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಫಸಲಿಗೆ ಅಂಥ ನಷ್ಟವಿಲ್ಲ.

ಕರಿಬೇವಿನ ಗಿಡದಲ್ಲಿ ಹಕ್ಕಿ ಹಿಕ್ಕೆಯಂಥದ್ದು ಕೂತಿತ್ತು. ಮುಟ್ಟಿದರೆ ಹುಳು!

ಚಿಟ್ಟೆಯ ಮರಿ. ಚಿಕ್ಕಂದಿನಲ್ಲಿ ಹಿಕ್ಕೆಯ ವೇಷ, ದೊಡ್ಡದಾದ ಮೇಲೆ ಹಸಿರು. ದೊಡ್ಡ ಗಿಡವಾದರೆ ನಾಲ್ಕು ಎಲೆ ತಿಂದುಕೊಳ್ಳಲಿ. ಗಿಡ ಚಿಕ್ಕದಿದ್ದರೆ ಕಡ್ಡಿಯಲ್ಲಿ ಎತ್ತಿ ಬೇರೆ ಕಡೆಯ ಕರಿಬೇವಿಗೋ ನಿಂಬೆ ಗಿಡಕ್ಕೋ ಬಿಡಿ.

ಎಲೆಕೋಸು, ಹೂಕೋಸಿನ ಹುಳುವಿಗಾದರೆ ಬಿಟಿ ಪುಡಿ ಸಿಗುತ್ತದೆ. ಅದೊಂದು ಬ್ಯಾಕ್ಟೀರಿಯಾ. ತಿಂದ ಹುಳು ಮಾತ್ರ ಸಾಯುತ್ತದೆ, ಜೇನಿಗೆ, ಗುಲಗಂಜಿ ಹುಳುವಿಗೆ ತೊಂದರೆ ಇಲ್ಲ. ಆದರೆ ಅದನ್ನು ಮೊದಲು ಕಂಡುಹಿಡಿದದ್ದೇ 1901ರಲ್ಲಿ ಜಪಾನಿನಲ್ಲಿ, ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ. ರಾಮನಗರ, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಹತ್ತಿರ ಇದ್ದರೆ ಇದನ್ನು ಮುಟ್ಟಲೇಬೇಡಿ.

ತುಳಸಿ ಎಲೆ ಸುರುಟಿ, ಕೆಳಗೆ ಕಪ್ಪು ಚುಕ್ಕೆ ಬಂದಿದೆ. ದೇವರ ಗಿಡ, ಏನು ಹೊಡೆಯುವುದು?

ತುಳಸಿಗೆ ಬರುವ ಬಲೆ ರೆಕ್ಕೆಯ ತಿಗಣೆ ಅದು. ಕಪ್ಪು ಚುಕ್ಕೆ ಅದರ ಹಿಕ್ಕೆ. ದಿನಾ ಎಲೆ ಕಿತ್ತು ತೀರ್ಥಕ್ಕೆ ಹಾಕುತ್ತೀರಿ, ಮಗುವಿಗೆ ಕೆಮ್ಮು ಬಂದರೆ ಕಷಾಯ ಮಾಡುತ್ತೀರಿ. ಹಾಗಾಗಿ ರಾಸಾಯನಿಕದ ಮಾತೇ ಬೇಡ. ಪೂಜೆ ಮುಗಿದ ಮೇಲೆ ಗಿಡವನ್ನು ಅರ್ಧಕ್ಕೆ ಕತ್ತರಿಸಿ, ಉಳಿದದ್ದಕ್ಕೆ ನೀರು ರಭಸವಾಗಿ ಹಾಯಿಸಿ, ಎರಡು ಸಲ ಅಂಟುವಾಳದ ನೀರು ಹೊಡೆಯಿರಿ. ಹೊಸ ಚಿಗುರು ಬರುವ ತನಕ ಪಕ್ಕದ ಮನೆ ತುಳಸಿ.

ಗುಲಗಂಜಿ ಹುಳು ಒಳ್ಳೆಯದು ಅಂದಿರಿ. ನಮ್ಮ ಬದನೆ ಎಲೆಯನ್ನು ಅದೇ ಜರಡಿ ಮಾಡಿದೆ!

ಅದು ಬೇರೆ. ಬದನೆ, ಹಾಗಲದ ಎಲೆ ಕೆರೆದು ತಿನ್ನುವುದು ಮಂಕು ಬಣ್ಣದ, 28 ಚುಕ್ಕೆಯ ಹುಳು. ಎಲೆ ಕೆಳಗಿನ ಹಳದಿ ಮೊಟ್ಟೆ ಗುಂಪು, ಮುಳ್ಳು ಮುಳ್ಳಾದ ಮರಿ ಎಲ್ಲವನ್ನೂ ಕೈಯಿಂದ ತೆಗೆಯಿರಿ. ಕೆಂಪಗೆ ಹೊಳೆಯುವುದು ಹೇನು ತಿನ್ನುವ ಗೆಳೆಯ. ಚುಕ್ಕೆಯೇ ಇಲ್ಲದ ಹಳದಿ ರೆಕ್ಕೆಯದೊಂದು ಬೂದಿ ಹಿಡಿದ ಎಲೆ ಮೇಲೆ ಸಿಗುತ್ತದೆ. ಅದು ತಿನ್ನುವುದು ಬೂದಿಯನ್ನೇ! ಎಲೆ ಮೇಲೆ ನಾಲಿಗೆಯಲ್ಲಿ ನೆಕ್ಕಿದ ಹಾಗೆ ಸ್ವಚ್ಛ ಜಾಗ ಕಂಡರೆ ಅದರದೇ ಕೆಲಸ.

ರಾತ್ರಿ ದೊಡ್ಡ ಬಸವನಹುಳು ಬಂದು ಸಸಿಗಳನ್ನೇ ಬೋಳಿಸುತ್ತವೆ.

ಆಫ್ರಿಕನ್ ಬಸವನಹುಳು. 1847ರಲ್ಲಿ ಯಾರೋ ಹವ್ಯಾಸಕ್ಕೆ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದದ್ದು, ಈಗ ನಮ್ಮ ಕಾಂಪೌಂಡಿನಲ್ಲಿದೆ. ಸಂಜೆ ಪಪ್ಪಾಯ ಎಲೆ, ಎಲೆಕೋಸಿನ ಸಿಪ್ಪೆಯ ಮೇಲೆ ಒದ್ದೆ ಗೋಣಿ ಹಾಕಿಡಿ. ಬೆಳಿಗ್ಗೆ ಎತ್ತಿದರೆ ಕೆಳಗೆ ಗುಂಪಾಗಿ ಸಿಗುತ್ತವೆ. ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಅದರಲ್ಲಿರಬಹುದು. ಕುಂಡಕ್ಕೆ ಉಪ್ಪು ಎರಚಬೇಡಿ.

ಅಂಗಡಿಯವರು ಹೆಸರಿಲ್ಲದ ಬಾಟಲಿಯಲ್ಲಿ "ಇದು ಎಲ್ಲಕ್ಕೂ ಆಗುತ್ತೆ" ಅಂತ ಸ್ವಲ್ಪ ಕೊಟ್ಟರು.

ವಾಪಸ್ ಕೊಡಿ. ಎಲ್ಲಕ್ಕೂ ಆಗುವುದು ನಿಮಗೂ ಆಗಬಹುದು. ಕೀಟನಾಶಕದ ಡಬ್ಬದ ಮೇಲೆ ಬಣ್ಣದ ತ್ರಿಕೋನ ಇರಲೇಬೇಕು. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು, ಹಳದಿ ಮನೆಯೊಳಗೆ ಬರಲೇಬಾರದು. ಮನೆ ಮನೆಗೆ ಗೊತ್ತಿದ್ದ ಡೈಕ್ಲೋರ್‌ವಾಸ್ 2020ರ ಕೊನೆಗೇ ನಿಷೇಧವಾಗಿದೆ, ಹಳೆ ಬಾಟಲಿ ಅಟ್ಟದ ಮೇಲಿದ್ದರೆ ಬಳಸಬೇಡಿ. ಎಂಡೋಸಲ್ಫಾನ್ ದಕ್ಷಿಣ ಕನ್ನಡದ ಊರುಗಳಲ್ಲಿ ಏನು ಮಾಡಿತು ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ತಂಪು ಪಾನೀಯದ ಬಾಟಲಿಗೆ ಯಾವ ಔಷಧಿಯನ್ನೂ, ಬೇವಿನ ಕಷಾಯವನ್ನೂ, ತುಂಬಿಡಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ.

ಹೊಡೆದ ಮೇಲೆ ಸೊಪ್ಪು, ಕಾಯಿ ಯಾವಾಗ ತಿನ್ನಬಹುದು?

ಹಾಲು, ಸೋಪು, ಬೇವಿನದಾದರೆ ಎರಡು ಮೂರು ದಿನ ಬಿಟ್ಟು ಚೆನ್ನಾಗಿ ತೊಳೆದು ಬಳಸಿ. ಇಲ್ಲವಾದರೆ ಪಲ್ಯ ಕಹಿ. ಅಂಗಡಿಯ ಔಷಧಿಗೆ ಕಾಯಬೇಕಾದ ದಿನ ಪೊಟ್ಟಣದ ಮೇಲೇ ಇರುತ್ತದೆ. ಬೂದಿ ಹಿಡಿದ ಬಳ್ಳಿಯ ಕಾಯಿ ತಿನ್ನಲು ಅಡ್ಡಿಯಿಲ್ಲ, ರುಚಿ ಸ್ವಲ್ಪ ಸಪ್ಪೆ ಇರಬಹುದು.

ನಾವು ಅಮೆರಿಕದಲ್ಲಿದ್ದೇವೆ. ಊರಿನ ಬೀಜ ಹಾಕಿ ಬೆಳೆದ ಸೋರೆ, ಹೀರೆಗೆ ಆಗಸ್ಟ್ ಕೊನೆಗೆ ಬೂದಿ ಬರುತ್ತದೆ.

ಅಲ್ಲಿ ಬೇಸಿಗೆ ಕಳೆಯುವ ಹೊತ್ತು ನಮ್ಮ ನವೆಂಬರ್ ಇದ್ದ ಹಾಗೆ. ಪೊಟ್ಯಾಸಿಯಂ ಬೈಕಾರ್ಬೊನೇಟ್ ನಿಮಗೆ ಸುಲಭವಾಗಿ ಸಿಗುತ್ತದೆ, ಮೊದಲ ಮಚ್ಚೆ ಕಂಡಾಗಲೇ ಶುರುಮಾಡಿ. ಸೆಪ್ಟೆಂಬರ್ ದಾಟಿದ ಮೇಲೆ ಬಂದರೆ ಬಿಟ್ಟುಬಿಡಿ. ಹೇಗೂ ಹಿಮ ಬಳ್ಳಿಯನ್ನು ಮುಗಿಸುತ್ತದೆ.

ಎಲ್ಲಾ ಮಾಡಿದೆ, ಗಿಡ ಸುಧಾರಿಸುತ್ತಿಲ್ಲ. ಕೀಳಲು ಮನಸ್ಸು ಬರುವುದಿಲ್ಲ.

ಸೌತೆ, ಬೆಂಡೆ ಎಲ್ಲ ಮೂರು ನಾಲ್ಕು ತಿಂಗಳ ಗಿಡ. ಮುಕ್ಕಾಲು ಎಲೆ ಹೋದ ಮೇಲೆ ಅದು ಕಾಯಿ ಕೊಡುವುದಿಲ್ಲ, ಪಕ್ಕದ ಗಿಡಕ್ಕೆ ರೋಗ ಕೊಡುತ್ತದೆ. ಕಿತ್ತು, ಕಟ್ಟಿ ಹಾಕಿ. ಕುಂಡದ ಮಣ್ಣನ್ನು ಒಂದು ವಾರ ಬಿಸಿಲಿಗೆ ಹರವಿ, ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಅದೇ ಕುಂಡಕ್ಕೆ ಮತ್ತೆ ಸೌತೆ ಬೇಡ, ಮೆಂತ್ಯವೋ ಹರಿವೆಯೋ ಹಾಕಿ. ಇಪ್ಪತ್ತೈದು ದಿನಕ್ಕೆ ಸೊಪ್ಪು ಕೈಗೆ ಬರುತ್ತದೆ.